ಸುಡದ ಮಣ್ಣಿನ ಬ್ಲಾಕ್: ಎರಡು ಬೇಸಿಗೆ, ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ಮನೆಯ ಗೋಡೆ ಪೂರ್ತಿ ಒತ್ತು ಮಣ್ಣಿನ ಬ್ಲಾಕಿನದು. ಮಣ್ಣು, ಮರಳು, ಶೇ. 5ರಿಂದ 8ರಷ್ಟು ಸಿಮೆಂಟ್ ಕಲಸಿ ಯಂತ್ರದಲ್ಲಿ ಒತ್ತಿ ತೆಗೆಯುತ್ತಾರೆ. ಗೂಡಿನಲ್ಲಿ ಸುಡುವುದಿಲ್ಲ, ಹಾಗಾಗಿ ಸೌದೆ, ಕಲ್ಲಿದ್ದಲು ಬೇಡ. ಕಟ್ಟಿದ ತಕ್ಷಣ ಹೊಗಳುವುದು ಸುಲಭ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ಸೆಕೆಯ ಮಾತು. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಗೋಡೆಯನ್ನು ಹೊರಗಿನಿಂದ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ. ಒಳಗೆ ಬಂದು ಅದೇ ಜಾಗ ಮುಟ್ಟಿದರೆ ತಣ್ಣಗಿರುತ್ತದೆ. ಆ ಬಿಸಿ ಒಳಗೆ ತಲುಪುವಾಗ ಕತ್ತಲಾಗಿರುತ್ತದೆ. ಆಗ ಕಿಟಕಿ ತೆಗೆದಿಟ್ಟರೆ ತಂಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ಮೊದಲ ಬೇಸಿಗೆಯಲ್ಲಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿಟ್ಟು ರಾತ್ರಿಯಿಡೀ ಬೆವೆತೆವು. ಜಾಲರಿ ಹಾಕಿಸಿದ ಮೇಲೆ ಸರಿಹೋಯಿತು. ಏಸಿ ಇವತ್ತಿಗೂ ಹಾಕಿಸಿಲ್ಲ. ಎಲ್ಲ ಶ್ರೇಯವನ್ನೂ ಗೋಡೆಗೇ ಕೊಡಲಾರೆ. ಜಾಸ್ತಿ ಬಿಸಿಲು ಬೀಳುವುದು ತಾರಸಿಗೆ, ಅದಕ್ಕೆ ಬಿಳಿ ಬಣ್ಣ ಬಳಿದಿದ್ದೇವೆ.

ಇನ್ನು ತೊಂದರೆ. ಮೊದಲ ಲೋಡ್ ಬ್ಲಾಕುಗಳನ್ನು ಒಬ್ಬ ಸರಬರಾಜುದಾರರಿಂದ ತರಿಸಿದೆವು. ಉಗುರಿನಿಂದ ಗೀರಿದರೆ ಅಂಚು ಪುಡಿಪುಡಿಯಾಗಿ ಉದುರಿತು. ಒಂದನ್ನು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಮೂಲೆ ಕರಗಿ ನೀರು ಕೆಂಪಾಗಿತ್ತು. ವಿಚಾರಿಸಿದರೆ ಒತ್ತಿ ಹತ್ತೇ ದಿನವಾಗಿತ್ತು. ಒದ್ದೆ ಗೋಣಿಚೀಲ ಹೊದಿಸಿ 28 ದಿನ ಹದವಾಗಲು ಬಿಡಬೇಕು, ಅಲ್ವಾ? "ಗೋಡೆಗೆ ಏರಿದ ಮೇಲೆ ತಾನಾಗಿ ಗಟ್ಟಿಯಾಗುತ್ತೆ" ಅಂದರು. ಇಡೀ ಲೋಡ್ ವಾಪಸ್ ಕಳಿಸಿದೆ.

ಆಮೇಲೆ ಸೈಟಿಗೇ ಕೈಯಂತ್ರ ತರಿಸಿದೆವು. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಸಿದ್ಧವಾದ ಸಿನ್ವಾ-ರಾಮ್ ಎಂಬ ಯಂತ್ರದ ಜಾತಿಯದೇ ಇದು. ಉದ್ದನೆಯ ಹಿಡಿ ಜಗ್ಗಿದರೆ ಒಂದು ಬ್ಲಾಕ್. ನೀರಿನ ತೊಟ್ಟಿಗೆ ಅಗೆದ ಮಣ್ಣನ್ನೇ ಬಳಸಿದೆವು. ಮೇಲ್ಮಣ್ಣು ಬ್ಲಾಕಿಗೆ ಆಗುವುದಿಲ್ಲ, ಅದನ್ನು ಗಿಡಗಳಿಗೆ ಎತ್ತಿಟ್ಟೆವು. ಮಣ್ಣಿನ ಪರೀಕ್ಷೆಗೆ ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನವಾದರೂ ಬೇಕು. ಜೇಡಿ ಐದನೇ ಒಂದು ಪಾಲಿನಷ್ಟಿದ್ದರೆ ಒಳ್ಳೆಯದು. ನಮ್ಮದು ಜಾಸ್ತಿ ಇತ್ತು. ಹಾಗೇ ಬಿಟ್ಟರೆ ಒಣಗುವಾಗ ಬಿರುಕು ಬರುತ್ತದೆ ಎಂದು ಮರಳು ಸೇರಿಸಿದೆವು. ಕೆಲವು ಮೇಸ್ತ್ರಿಗಳು ಇಂಥ ಕಡೆ ಸುಮ್ನೆ ಸಿಮೆಂಟ್ ಸುರಿಯುತ್ತಾರೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7–8 ಬರುವುದು ಸಿಮೆಂಟ್ ತಯಾರಿಕೆಯಿಂದ. ಸಿಮೆಂಟ್ ಉಳಿಸಲಿಕ್ಕೆಂದೇ ಈ ಬ್ಲಾಕಿಗೆ ಬಂದವರು ನಾವು.

ಮಳೆಗೆ ಈ ಗೋಡೆ ಸ್ವಲ್ಪ ನಾಜೂಕು. ಸೂರು ಗಿಡ್ಡವಾಗಿರುವ ಮೂಲೆಯಲ್ಲಿ ನೆಲದಿಂದ ಒಂದೂವರೆ ಅಡಿವರೆಗೆ ಗೋಡೆ ಕಪ್ಪಾಗಿದೆ, ಮೇಲ್ಪದರ ಸವೆದಿದೆ. ಅಲ್ಲಿ ಸೂರು ಮುಂದಕ್ಕೆ ಚಾಚಿಸಬೇಕಿತ್ತು, ಪಾಯದ ಕಲ್ಲು ಇನ್ನಷ್ಟು ಮೇಲೆ ಬರಬೇಕಿತ್ತು. ನೀವು ಕಟ್ಟುವುದಾದರೆ ಇವೆರಡನ್ನು ಬಿಟ್ಟುಕೊಡಬೇಡಿ.

ಎರಡು ಮೂರು ಅಂತಸ್ತಿನ ಮನೆಗೆ ಈ ಬ್ಲಾಕನ್ನು ಧೈರ್ಯವಾಗಿ ಹೇಳುತ್ತೇನೆ. ಎತ್ತರದ ಕಟ್ಟಡವಾದರೆ ಭಾರ ಹೊರುವುದು ಕಂಬ, ತೊಲೆಗಳ ಕೆಲಸ. ನಡುವಿನ ಗೋಡೆಗೆ ಇದನ್ನು ತುಂಬಬಹುದು. ನಗರಗಳು ಇಷ್ಟು ವೇಗವಾಗಿ ಬೆಳೆಯುತ್ತಿವೆ. ಆದರೂ ನಮ್ಮ ನಕ್ಷೆ ಪಾಸ್ ಮಾಡುವಾಗ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ಅಳೆದರು, ಪಾರ್ಕಿಂಗ್ ಅಳೆದರು. ಗೋಡೆ ಯಾವುದರದು, ಕಿಟಕಿ ಯಾವ ದಿಕ್ಕಿಗೆ, ತಾರಸಿಗೆ ನೆರಳಿದೆಯಾ ಎಂದು ಯಾರೂ ಕೇಳಲಿಲ್ಲ. ಎಡ್ಜ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರಕ್ಕೆ ವಿದ್ಯುತ್ತಿನಂಥ ಶಕ್ತಿಯ ಬಳಕೆ, ನೀರು, ಸಾಮಗ್ರಿ ತಯಾರಿಕೆಗೆ ಹಿಡಿಯುವ ಶಕ್ತಿ ಇಲ್ಲವೇ ಅದರಿಂದ ಹೊಮ್ಮುವ ಇಂಗಾಲ, ಈ ಮೂರರಲ್ಲೂ ಕನಿಷ್ಠ ಶೇ. 20 ಉಳಿತಾಯ ಇರಬೇಕು. ಅಂಥ ಲೆಕ್ಕ ತೋರಿಸಿದವರಿಗೆ ಶುಲ್ಕದಲ್ಲಿ ಕಡಿತ ಕೊಟ್ಟರೆ ಎಷ್ಟೋ ಜನ ಈ ಕಡೆ ಬರುತ್ತಾರೆ. ನಾನಂತೂ ಮನಸಾರೆ ಬಯಸುತ್ತೇನೆ.

ಮೇಲೆ ಇನ್ನೊಂದು ಕೋಣೆ ಕಟ್ಟಬೇಕೆಂದಿದೆ. ಇದೇ ಬ್ಲಾಕ್. ಈ ಸಲ ಒತ್ತಿದ ತಾರೀಖನ್ನು ಪ್ರತಿ ಸಾಲಿನ ಮೇಲೂ ಸೀಮೆಸುಣ್ಣದಲ್ಲಿ ಬರೆಸುತ್ತೇನೆ.