ಸಣ್ಣ ಕಂಪನಿಯೋ, ಒಂದು ಕೋಟಿಯ ಮಿತಿಯೋ: ಕಾರೋ ವಿನಾಯಿತಿಯ ಎರಡು ದಾರಿಗಳು

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಲೆಕ್ಕಪರಿಶೋಧನೆಯಿಂದ ವಿನಾಯಿತಿ ಇಲ್ಲ. ವಹಿವಾಟು ಶೂನ್ಯವಾಗಿದ್ದರೂ ಆಡಿಟ್ ಆಗಲೇಬೇಕು. ವಿನಾಯಿತಿ ಇರುವುದು ಕಾರೋ 2020, ಅಂದರೆ ಕಂಪನಿಗಳ ಲೆಕ್ಕಪರಿಶೋಧಕರ ವರದಿ ಆದೇಶದಂತೆ ಆಡಿಟ್ ವರದಿಯ ಜೊತೆ ಸೇರಿಸುವ ಅನುಬಂಧಕ್ಕೆ. ಎರಡನೆಯ ವ್ಯವಹಾರವನ್ನು ಅಂಗಸಂಸ್ಥೆಯಾಗಿ ತೆರೆಯಬೇಕೇ, ಇರುವ ಕಂಪನಿಯಲ್ಲೇ ನಡೆಸಬೇಕೇ ಎಂದು ಯೋಚಿಸುವ ನಿರ್ದೇಶಕರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಮೊದಲ ದಾರಿ 'ಸಣ್ಣ ಕಂಪನಿ'ಯ ಸ್ಥಾನಮಾನ. 2025ರ ಡಿಸೆಂಬರ್‌ನಲ್ಲಿ ಪಾವತಿಯಾದ ಬಂಡವಾಳದ ಮಿತಿ 4 ಕೋಟಿಯಿಂದ 10 ಕೋಟಿಗೆ, ಹಿಂದಿನ ವರ್ಷದ ವಹಿವಾಟಿನ ಮಿತಿ 40 ಕೋಟಿಯಿಂದ 100 ಕೋಟಿ ರೂಪಾಯಿಗೆ ಏರಿತು. ಸಾಲಕ್ಕೆ ಇಲ್ಲಿ ಮಿತಿಯೇ ಇಲ್ಲ. ಆದರೆ ಅಂಗಸಂಸ್ಥೆ ಹೊಂದಿದ ಕ್ಷಣದಿಂದ, ಅದು ಎಷ್ಟೇ ಚಿಕ್ಕದಿರಲಿ, ಎರಡೂ ಕಂಪನಿಗಳು ಈ ವ್ಯಾಖ್ಯೆಯಿಂದ ಹೊರಬೀಳುತ್ತವೆ.

ಆಗ ಉಳಿಯುವುದು ಎರಡನೆಯ ದಾರಿ: ಪಬ್ಲಿಕ್ ಕಂಪನಿಯ ಅಂಗಸಂಸ್ಥೆಯಾಗಲಿ ಮಾತೃಸಂಸ್ಥೆಯಾಗಲಿ ಆಗಿರಬಾರದು, ಬಂಡವಾಳ ಮತ್ತು ಮೀಸಲು ಸೇರಿ 1 ಕೋಟಿ, ಆದಾಯ 10 ಕೋಟಿ, ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳ ಸಾಲ 1 ಕೋಟಿ ಮೀರಬಾರದು. ಎಲ್ಲ ಷರತ್ತುಗಳೂ ಒಟ್ಟಿಗೆ ಈಡೇರಬೇಕು. ಸಾಲದ ಮಿತಿಯನ್ನು ವರ್ಷದ ಯಾವುದೇ ದಿನಕ್ಕೆ ಅನ್ವಯಿಸಿ ನೋಡುವುದರಿಂದ, ದೀಪಾವಳಿಯ ದಾಸ್ತಾನಿಗಾಗಿ ಓವರ್‌ಡ್ರಾಫ್ಟ್ ಅಕ್ಟೋಬರ್‌ನಲ್ಲಿ ಒಂದೇ ದಿನ 1 ಕೋಟಿ 5 ಲಕ್ಷ ಮುಟ್ಟಿ ಮಾರ್ಚ್ 31ಕ್ಕೆ ಪೂರ್ತಿ ತೀರಿದ್ದರೂ ಆ ವರ್ಷದ ವಿನಾಯಿತಿ ಕೈತಪ್ಪುತ್ತದೆ.

ಸಾಲದ ಮೇಲೆ ನಡೆಯುವ ವ್ಯವಹಾರಕ್ಕೆ ಮೊದಲ ದಾರಿಯೇ ಸುರಕ್ಷಿತವೆಂದು ನನ್ನ ದೃಢ ಅಭಿಪ್ರಾಯ. ಅಂಗಸಂಸ್ಥೆಗೆ ಬೇರೆ ಬಲವಾದ ಕಾರಣವಿಲ್ಲದಿದ್ದರೆ ಒಂದೇ ಕಂಪನಿಯಲ್ಲಿ ಮುಂದುವರಿಯುವುದು ಲೇಸು.