ಕಲ್ಲಿನ ಪೆಟ್ಟಿಗೆ, ಐಸ್ ಬಾಟಲಿ, ತೇಗದ ಬಿಲ್ಲೆ

ಭೂಮಿಯ ಹಳೆಯ ಹವಾಮಾನವನ್ನು ವಿಜ್ಞಾನಿಗಳು ಹೇಗೆ ಅರಿಯುತ್ತಾರೆಂದು ಒಂಬತ್ತನೆಯ ತರಗತಿಗೆ ತೋರಿಸಲು ಈ ವರ್ಷ ಮೂರು ಸಾಧನಗಳನ್ನು ಬಳಸಿ ನೋಡಿದೆ. 1,800 ರೂಪಾಯಿ ಕೊಟ್ಟು ತರಿಸಿದ ಶಿಲಾ ಮಾದರಿಗಳ ಪೆಟ್ಟಿಗೆ ಈಗ ಬೀರುವಿನ ಮೇಲಿದೆ. ಸಾಮಿಲ್ಲಿನಿಂದ 150 ರೂಪಾಯಿಗೆ ತಂದ ತೇಗದ ಬಿಲ್ಲೆ ಮಾತ್ರ ಮೇಜು ಬಿಟ್ಟು ಇಳಿದಿಲ್ಲ.

ಪೆಟ್ಟಿಗೆಯ ಚೀಟಿಗಳು ಮೊದಲ ಮಳೆಗಾಲದಲ್ಲೇ ಕಿತ್ತುಬಂದವು. ಆ ದುಡ್ಡಿನಲ್ಲಿ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ದು, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆಯೇ ಪಾಠ ಮಾಡಬಹುದಿತ್ತು.

ಅಂಟಾರ್ಕ್ಟಿಕದ ಡೋಮ್ ಸಿ ಎಂಬಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಕೊರೆದು ತೆಗೆದ ಹಿಮದಲ್ಲಿ ಸುಮಾರು 8 ಲಕ್ಷ ವರ್ಷಗಳ ಗಾಳಿ ಗುಳ್ಳೆಗಳಾಗಿ ಉಳಿದಿದೆ. ಅದರ ಅನುಕರಣೆಗೆಂದು ಬಾಟಲಿಯಲ್ಲಿ ಬಣ್ಣದ ನೀರನ್ನು ಪದರಪದರವಾಗಿ ಹೆಪ್ಪುಗಟ್ಟಿಸಿದೆ. ನೋಡಲು ಚೆಂದವೇ, ಆದರೆ ಅಲ್ಲಿ ಬಿದ್ದ ಹಿಮ ಒತ್ತಿಕೊಂಡು ಗಟ್ಟಿಯಾಗುವಾಗ ಅಂದಿನ ಗಾಳಿ ಸಿಕ್ಕಿಕೊಳ್ಳುತ್ತದೆ, ಫ್ರಿಜ್ಜಿನಲ್ಲಿ ನೀರಿನಲ್ಲಿ ಕರಗಿದ್ದ ಗಾಳಿ ಹೊರಬಂದು ಗುಳ್ಳೆಯಾಗುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವಷ್ಟರಲ್ಲಿ ಐಸು ಕರಗಿತ್ತು.

ತೇಗದ ಬಿಲ್ಲೆಯೂ ನನ್ನನ್ನು ಸುಮ್ಮನೆ ಬಿಡಲಿಲ್ಲ. ಗರಗಸದ ಗೀರುಗಳಡಿ ಉಂಗುರಗಳೇ ಕಾಣದೆ, ಮೂರು ಬಗೆಯ ಸ್ಯಾಂಡ್‌ಪೇಪರಿನಲ್ಲಿ ಎರಡು ಸಂಜೆ ಉಜ್ಜಿದ ಮೇಲೆ, ಪ್ರತಿ ವರ್ಷದ ಬೆಳವಣಿಗೆಯ ಆರಂಭದಲ್ಲಿ ಮೂಡುವ ದೊಡ್ಡ ರಂಧ್ರಗಳ ಸಾಲು ತಾನಾಗಿ ಎದ್ದು ಕಂಡಿತು. ಮಕ್ಕಳು ಹತ್ತಕ್ಕೊಂದರಂತೆ ಗುಂಡುಪಿನ್ನು ಚುಚ್ಚಿ 41 ಉಂಗುರ ಎಣಿಸಿದರು. ಆಗ ಒಬ್ಬ ಹುಡುಗಿ, ಮಧ್ಯದ ಈ ಕಿರಿದಾದ ಉಂಗುರಗಳು ಯಾವ ವರ್ಷದ್ದು ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರ ಎಂದು ಕಡಿದದ್ದೆಂದು ಸಾಮಿಲ್ಲಿನವರಿಗೇ ಗೊತ್ತಿಲ್ಲ. ಸಾಲದ್ದಕ್ಕೆ ತೊಗಟೆಯನ್ನೂ ಹೊರಗಿನ ಬಿಳಿಮರವನ್ನೂ ಕೆತ್ತಿಬಿಟ್ಟಿದ್ದರಿಂದ ಎಷ್ಟು ಉಂಗುರ ಹೋಗಿವೆ ಎಂಬುದೂ ತಿಳಿಯದು.

ವಿಜ್ಞಾನಿಗಳು ನಿಂತ ಮರದಿಂದಲೇ ಪೆನ್ಸಿಲಿನಷ್ಟು ಸಣ್ಣ ಕಡ್ಡಿಯನ್ನು ಕೊರೆದು ತೆಗೆಯುವುದು, ತೊಗಟೆಯ ಪಕ್ಕದ ಉಂಗುರದಿಂದ ಹಿಂದಕ್ಕೆ ಎಣಿಸುವುದು, ಹಲವು ಮರಗಳ ಅಗಲ-ಕಿರಿದಿನ ಸಾಲುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವುದು ಏಕೆಂಬುದು ಅಂದು ತರಗತಿಗೆ ತಾನಾಗಿ ಅರ್ಥವಾಯಿತು. ಕಿರಿದಾದ ಉಂಗುರವೆಂದರೆ ಮಳೆ ಕಡಿಮೆಯಾದ ವರ್ಷವೇ ಎಂದು ಒಂದೇ ಮರವನ್ನು ನಂಬಿ ಹೇಳಲಾಗದು. ನೆರಳೋ ಹುಳುವೋ ಕಾರಣವಿರಬಹುದು.

ಪ್ರಯೋಗಾಲಯಕ್ಕೆ ನನಗೆ ಸಿಗುವ ಹಣ ಅಲ್ಪ, ಶಾಲೆಯಲ್ಲಿ ಫ್ರಿಜ್ಜಿಲ್ಲ, ಉಜ್ಜುವ ಕೆಲಸ ನನಗೆ ಬೇಸರವಲ್ಲ; ಆದ್ದರಿಂದ ಬಿಲ್ಲೆಯೇ ಸಾಕು. ಪರಿಚಯದ ರೈತರೊಬ್ಬರು ಕಳೆದ ವರ್ಷ ಕಡಿಸಿದ ತೇಗದ ಬುಡದ ತುಂಡೊಂದನ್ನು, ತೊಗಟೆ ಸಮೇತ, ಎತ್ತಿಟ್ಟಿದ್ದಾರೆ.