ಏಳು ವರ್ಷ ಬಳಸಿದ 43 ಇಂಚಿನ ಟಿವಿ: ಮೂರು ಸಲ ಕೈಕೊಟ್ಟರೂ ಇನ್ನೂ ಓಡುತ್ತಿದೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಈ ಎಲ್‌ಇಡಿ ಟಿವಿ ಬಂದದ್ದು 2018ರ ದೀಪಾವಳಿಗೆ. ಚಿತ್ರ ಅವತ್ತು ಹೇಗಿತ್ತೋ ಇವತ್ತೂ ಹೆಚ್ಚುಕಡಿಮೆ ಹಾಗೇ ಇದೆ. ದನಿ ಸಾಧಾರಣ. ಯಕ್ಷಗಾನದ ಚೆಂಡೆ ಚೆನ್ನಾಗಿ ಕೇಳುತ್ತದೆ, ಅರ್ಥಗಾರಿಕೆಯ ಮಾತು ಸ್ವಲ್ಪ ಮಂಕು. ಅಪ್ಪ ಹೋದ ಮೇಲೆ ಮಳೆಗಾಲದ ಸಂಜೆಗಳಲ್ಲಿ ಅಮ್ಮನಿಗೆ ಇದೇ ಜೊತೆ. ಹಾಗಾಗಿ ಇದು ಕೆಟ್ಟಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗಿದೆ.

ಮೊದಲ ಸಲ, ಕರೆಂಟು ಹೋಗಿ ಬಂದ ಮೇಲೆ ಕೆಂಪು ಲೈಟು ಉರಿಯುತ್ತಿತ್ತು, ಟಿವಿ ಮಾತ್ರ ಏಳಲಿಲ್ಲ. ರಿಮೋಟ್ ಇರಬಹುದೆಂದು ಅದರ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದೆ. ಪರದೆಯಲ್ಲಿ ಬೆಳಕು ಮಿನುಗಿತು, ಅಂದರೆ ರಿಮೋಟ್ ಸರಿಯಿದೆ. ಪ್ಲಗ್ ಕಿತ್ತು, ಟಿವಿಯ ಕೆಳಗಿರುವ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಆನ್ ಆಯಿತು. ಒಳಗೆ ಉಳಿದ ಕರೆಂಟು ಇಳಿದರೆ, ಸಿಕ್ಕಿಕೊಂಡ ಒಳಗಿನ ಸರ್ಕ್ಯೂಟ್ ಬೋರ್ಡು ಮೊದಲಿಂದ ಶುರುವಾಗುತ್ತದೆ. ಯಾರನ್ನೂ ಕರೆಯುವ ಮೊದಲು ಇದನ್ನು ಮಾಡಿ ನೋಡಿ.

ಎರಡನೆಯದು 2022ರ ಮಳೆಗಾಲದ್ದು. ಬೆಳಗಿನ ಚಳಿಗೆ ಲೈಟು ಮಿಟುಕುತ್ತಿತ್ತು, ಒಳಗೆ ಟಿಕ್ ಟಿಕ್ ಸದ್ದು. ಹತ್ತು ಸಲ ಒತ್ತಿದರೆ ಒಮ್ಮೆ ಆನ್. ಆಮೇಲೆ ಅದೂ ನಿಂತಿತು. ಕಂಪನಿಯ ಸರ್ವೀಸಿನವರು ಹಿಂಬದಿ ಬಿಚ್ಚದೆಯೇ, "ಬೋರ್ಡ್ ಸಿಗಲ್ಲ, ಹೊಸ ಟಿವಿ ತಗೊಳ್ಳಿ" ಅಂದರು. ನನಗೆ ತುಂಬಾ ಬೇಸರವಾಯಿತು. ಪೇಟೆಯ ಸಣ್ಣ ರಿಪೇರಿ ಅಂಗಡಿಗೆ ಒಯ್ದೆ. ಅವರು ಪವರ್ ಬೋರ್ಡಿನಲ್ಲಿ ತಲೆ ಉಬ್ಬಿದ ಎರಡು ಕೆಪಾಸಿಟರ್ (ಕರೆಂಟನ್ನು ಹಿಡಿದಿಟ್ಟು ಬಿಡುವ, ಸಣ್ಣ ಡಬ್ಬಿಯಂಥ ಭಾಗ) ತೋರಿಸಿದರು. ಸೊರಗಿದ ಕೆಪಾಸಿಟರ್ ಚಳಿಯಲ್ಲಿ ಇನ್ನಷ್ಟು ಸೋಲುತ್ತದಂತೆ, ಅದಕ್ಕೇ ಬೆಳಿಗ್ಗೆ ತೊಂದರೆ ಜಾಸ್ತಿ. ಅದೇ ಅಳತೆಯ, 105 ಡಿಗ್ರಿ ಶಾಖ ತಡೆಯುವ ಹೊಸದು ಹಾಕಿ 600 ರೂಪಾಯಿ ತಗೊಂಡರು. ಇವತ್ತಿಗೂ ಗಟ್ಟಿಯಾಗಿದೆ.

ಇದನ್ನು ನೋಡಿ ನೀವೇ ಮುಚ್ಚಳ ಬಿಚ್ಚಬೇಡಿ. ಆ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಕರೆಂಟು ಇರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಮೂರನೆಯ ಸಲ ಟಿವಿ ಆನ್ ಆಗಿಲ್ಲವೆಂದು ಅಮ್ಮ ಫೋನ್ ಮಾಡಿದರು. ಹೋಗಿ ನೋಡಿದರೆ ದನಿ ಬರುತ್ತಿತ್ತು, ಪರದೆ ಕಪ್ಪು. ಕತ್ತಲೆ ಮಾಡಿ ಪರದೆಯ ಹತ್ತಿರ ಓರೆಯಾಗಿ ಟಾರ್ಚ್ ಹಿಡಿದೆ. ವಾರ್ತೆ ಓದುವವರ ಮುಖ ಮಸುಕಾಗಿ ಕಂಡಿತು! ಚಿತ್ರ ಮೂಡಿಸುವ ಪ್ಯಾನೆಲ್ ಜೀವಂತವಾಗಿದೆ, ಹೋಗಿರುವುದು ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿ, ಅಂದರೆ ಬ್ಯಾಕ್‌ಲೈಟ್. ಆ ಸಣ್ಣ ಎಲ್‌ಇಡಿಗಳು ಸರದ ಬಲ್ಬಿನ ಹಾಗೆ ಒಂದಕ್ಕೊಂದು ಜೋಡಿಸಿರುತ್ತವೆ, ಒಂದು ಹೋದರೂ ಪೂರ್ತಿ ಕತ್ತಲಾಗಬಹುದು. ಪಟ್ಟಿ ಬದಲಿಸಲು 1,800 ರೂಪಾಯಿ ಆಯಿತು. ಕೊಂಡಾಗಿನಿಂದ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟ್ 100ರಲ್ಲೇ ಇತ್ತು, ಅದು ಬೇಗ ಸವೆಯದಿರಲೆಂದು ಈಗ 60ಕ್ಕೆ ಇಳಿಸಿದ್ದೇವೆ. ಕಣ್ಣಿಗೂ ಹಿತ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು ಜೋರು. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಕಿತ್ತು, ಡಿಶ್ ಕೇಬಲ್ಲನ್ನೂ ಬಿಡಿಸಿಡಬೇಕು. ಸಿಡಿಲಿನ ಹೊಡೆತ ಸೆಟ್‌ಟಾಪ್ ಬಾಕ್ಸ್ ದಾಟಿ, ಅದನ್ನು ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ಲಿನ ದಾರಿಯಲ್ಲೂ ಒಳಗೆ ಬರಬಲ್ಲದು. ಗುಡುಗು ಶುರುವಾದ ಮೇಲಂತೂ ಆ ವೈರು ಮುಟ್ಟಲೇಬೇಡಿ.

ಚಿತ್ರಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಕಂಪನಿಯ ಸರ್ವೀಸಿಗೆ ಒಂದು. ಪೇಟೆಯ ಆ ಅಂಗಡಿಯವರಿಗೆ ಪೂರ್ತಿ ಐದು.